ಮಡಿಲಿಗೂ ಒಂದು ಮಡಿಲು

(ವಿಶ್ವ ಮಾನಸಿಕ ಆರೋಗ್ಯ ದಿನದ ಅಂಗವಾಗಿ ಉಡುಪಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಶುರು ಮಾಡುವ ಮೊದಲು ಒಂದು ಮಾತು. ಹಿಂದಿನ ಸಾಲಿನಿಂದ ಒಬ್ಬ ತಾಯಿ ಈಗಷ್ಟೇ ಮಗುವನ್ನೆತ್ತಿಕೊಂಡು ಹೊರಗೆ ಹೋದರು. ಮಗು ಸ್ವಲ್ಪ ರಾಗ ಎಳೆಯಿತು, ನಾಲ್ಕು ಜನ ತಿರುಗಿ ನೋಡಿದರು, ಅವರು ಎದ್ದೇಬಿಟ್ಟರು. ಬಾಗಿಲ ಹತ್ತಿರ ಇರುವವರು ಯಾರಾದರೂ ಹೋಗಿ ಅವರನ್ನು ಒಳಗೆ ಕರೆಯಿರಿ, ದಯವಿಟ್ಟು. ಇವತ್ತಿನ ವಿಷಯ ಆ ಮಗುವಿನದ್ದೇ. ಅದು ಅತ್ತರೆ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಪಾಠ ಮಾಡಿದವಳು ನಾನು.

ಅಕ್ಟೋಬರ್ 10 ಬಂತೆಂದರೆ ಎಲ್ಲ ಕಡೆ ಪೋಸ್ಟರು ಹಾಕುತ್ತಾರೆ. ಪೋಸ್ಟರಿನಲ್ಲಿ ಒಂದು ತಲೆ, ತಲೆಯೊಳಗೆ ಮೆದುಳು, ಮೆದುಳಿನಲ್ಲಿ ಸಿಕ್ಕಾದ ದಾರದ ಉಂಡೆ. ಆ ತಲೆಗೆ ಕುತ್ತಿಗೆ ಕೂಡ ಇರುವುದಿಲ್ಲ. ಮೆದುಳಿನ ಮಾತು ಸುಳ್ಳಲ್ಲ. ಮಾತ್ರೆ ಬೇಕಾದವರು ವೈದ್ಯರು ಹೇಳಿದಷ್ಟು ದಿನ ಬಿಡದೆ ತೆಗೆದುಕೊಳ್ಳಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ತಲೆ ಒಂದು ಕಾಲದಲ್ಲಿ ಯಾರದ್ದೋ ತೋಳಿನ ಮೇಲೆ ಇತ್ತು. ಆ ತೋಳಿನವಳಿಗೆ ಆವತ್ತು ಊಟ ಆಗಿತ್ತಾ? ನಿದ್ರೆ ಆಗಿತ್ತಾ? ಅವಳ ಬೆನ್ನಿಗೆ ಯಾರಿದ್ದರು? ನಾನು ಇವತ್ತು ಎಲ್ಲಿ ಸುತ್ತಿದರೂ ಈ ಪ್ರಶ್ನೆಗೇ ವಾಪಸ್ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಇಲ್ಲಿದ್ದೀರಿ, ನಿಮಗೆ ಇದು ಗೊತ್ತುಂಟು.

ನನ್ನ ತಮ್ಮನ ಕಥೆ ಹೇಳಬೇಕು. ಅವನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

1968ರ ಆಟಿ ತಿಂಗಳು, ಅಂದರೆ ತುಳುನಾಡಿನ ಜೋರು ಮಳೆಗಾಲ. ಕಾಪು ಹತ್ತಿರದ ಹಳ್ಳಿ. ನಮ್ಮದು ಅಳಿಯಕಟ್ಟಿನ ಮನೆ, ಅಂದರೆ ನಾವು ಇದ್ದದ್ದು ಅಮ್ಮನ ಅಮ್ಮನ ಜೊತೆ. ಅಪ್ಪ ಬೊಂಬಾಯಿಯಲ್ಲಿ. ನನಗೆ ಒಂಬತ್ತು ವರ್ಷ, ತಮ್ಮನಿಗೆ ಎರಡೂವರೆ. ಜ್ವರ ಬಂತು, ಗಂಟಲು ಬಾತಿತು, ಉಸಿರೆಳೆದರೆ ಗೊರಗೊರ ಸದ್ದು. ಊರಿನ ಡಾಕ್ಟ್ರು ಟಾರ್ಚು ಬಿಟ್ಟು ನೋಡಿದರು. ಒಳಗೆ ಬಿಳಿ ಪೊರೆ. ಗಂಟಲಮಾರಿ. ಈಗಿನ ತಾಯಂದಿರಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ, ಲಸಿಕೆಯ ಪುಣ್ಯ. ಆಗ ಆ ಹೆಸರು ಕೇಳಿದರೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ‘ಈಗಲೇ ದೊಡ್ಡ ಆಸ್ಪತ್ರೆಗೆ’ ಎಂದರು ಡಾಕ್ಟ್ರು. ಅಮ್ಮ ಅವನನ್ನು ಸೆರಗಿನಲ್ಲಿ ಸುತ್ತಿ ಬಸ್ಸು ಹತ್ತಿದಳು.

ಜೀವ ಉಳಿಯಿತು. ಉಳಿಸಿದವರಿಗೆ ನಾನು ಇಂದಿಗೂ ಋಣಿ. ಆದರೆ ಅದು ಅಂಟುರೋಗದ ವಾರ್ಡು, ತಾಯಿಯನ್ನು ಒಳಗೆ ಬಿಡಲಿಲ್ಲ. ವರಾಂಡದ ಕಿಟಕಿಯಿಂದ ಮಾತ್ರ ನೋಡಬಹುದು. ಅಮ್ಮ ಕಿಟಕಿಯ ಸರಳು ಹಿಡಿದು ನಿಂತರೆ ಅವನು ಮಂಚದ ಮೇಲೆ ಎದ್ದು ನಿಂತು ಎರಡೂ ಕೈ ಚಾಚಿ ಅಳುವುದು. ಎರಡನೆಯ ದಿನ ಒಬ್ಬರು ಸಿಸ್ಟರು ಬಂದು, ಪಾಪ, ಒಳ್ಳೆಯದಕ್ಕೇ ಹೇಳಿದರು: ‘ನಿಮ್ಮ ಮುಖ ಕಂಡರೆ ಅಳುತ್ತಾನೆ, ಗಂಟಲಿಗೆ ಒಳ್ಳೆಯದಲ್ಲ. ಕಾಣಿಸಿಕೊಳ್ಳಬೇಡಿ.’ ಅಮ್ಮ ಗೋಡೆಗೆ ಒರಗಿ ಕೂತಳು, ಅವನಿಗೆ ಕಾಣದ ಹಾಗೆ. ನಾಲ್ಕನೆಯ ದಿನ ಅಳು ನಿಂತಿತು. ‘ನೋಡಿ, ಈಗ ಜಾಣ ಆಗಿದ್ದಾನೆ’ ಎಂದರು ಸಿಸ್ಟರು.

ಹದಿನಾರು ದಿನ ಕಳೆದು ಮನೆಗೆ ಬಂದ. ಅಜ್ಜಿ ಬಾಗಿಲಲ್ಲೇ ದೃಷ್ಟಿ ತೆಗೆದಳು. ಅಮ್ಮ ಅವನನ್ನು ಜಗಲಿಯಲ್ಲಿ ಇಳಿಸಿ, ಎದುರು ಕೂತು, ‘ಬಲ ಮಗಾ’, ಬಾ ಮಗನೇ, ಎಂದು ಕೈ ಚಾಚಿದಳು. ಅವನು ಅವಳನ್ನು ನೋಡಿದ. ನೋಡಿ, ಗುರುತೇ ಇಲ್ಲದವನ ಹಾಗೆ ಮುಖ ಆಚೆ ಮಾಡಿ, ಅಜ್ಜಿಯ ಸೀರೆ ಹಿಡಿದುಕೊಂಡ. ಆ ಹೊತ್ತಿನ ಅಮ್ಮನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವಳು ಎದ್ದು ಬಚ್ಚಲಿಗೆ ಹೋದಳು. ನೀರು ಹುಯ್ಯುವ ಸದ್ದು ಬಹಳ ಹೊತ್ತು ಕೇಳಿತು.

ಹತ್ತಿರದ ಮನೆಯವರಿಗೆ ಬಾಯಿ ಸುಮ್ಮನಿರುತ್ತದೆಯೇ? ‘ಮಗುವನ್ನು ಬಿಟ್ಟು ಬಂದಳಂತೆ.’ ‘ಹೆತ್ತವಳನ್ನೇ ಬೇಡ ಅನ್ನುತ್ತದಲ್ಲ, ಏನು ಮಾಡಿದ್ದಾಳೋ.’ ಒಂದು ವಾರ ಹೀಗೇ ನಡೆಯಿತು.

ಆಗ ನನ್ನ ಅಜ್ಜಿ ಮಾಡಿದ ಕೆಲಸ ಕೇಳಿ. ಶಾಲೆಗೆ ಹೋದವಳಲ್ಲ, ಅಂಗೈ ತುಂಬ ಗದ್ದೆಯ ಕೆಸರಿನ ಬಿರುಕು. ನಾಟಿ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಆಳು ಸಾಲದು. ಆ ಹೊತ್ತಿನಲ್ಲಿ ಅವಳು ಅಮ್ಮನಿಗೆ ಹೇಳಿದಳು: ‘ನೀನು ಗದ್ದೆಗೆ ಬರಬೇಡ. ಒಲೆ ಹತ್ತಿರವೂ ಬರಬೇಡ. ಜಗಲಿಯಲ್ಲಿ ಅವನು ಆಡುವಲ್ಲಿ ಕೂತಿರು. ಕರೆಯಬೇಡ, ಎತ್ತಿಕೊಳ್ಳಬೇಡ, ಸುಮ್ಮನೆ ಕೂತಿರು.’ ಹತ್ತಿರದ ಮನೆಯವರಿಗೆ ಏನು ಹೇಳಿದಳೋ, ಅದನ್ನು ಮೈಕಿನಲ್ಲಿ ಹೇಳುವ ಹಾಗಿಲ್ಲ. ಅವರು ಮತ್ತೆ ಬಾಯಿ ಬಿಡಲಿಲ್ಲ.

ಅಮ್ಮ ಕೂತಳು. ಬೇಯಿಸಿದ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತ ಕೂತಿರುವುದು, ಹೊರಗೆ ಮಳೆ. ಮೊದಲ ದಿನ ಅವನು ಜಗಲಿಯ ಆ ಕೊನೆ. ಮರುದಿನ ಕಂಬದ ಹಿಂದೆ. ಇನ್ನೆರಡು ದಿನಕ್ಕೆ ಕಂಬದ ಈಚೆ. ಹೀಗೆ ಸರಿಯುತ್ತ ಸರಿಯುತ್ತ ಒಂದು ಮಧ್ಯಾಹ್ನ ಬಂದು ಅವಳ ಕೈಯಿಂದ ಒಂದು ಬೀಜ ತೆಗೆದುಕೊಂಡ. ತಿಂದ. ಮತ್ತೊಂದು ತೆಗೆದುಕೊಂಡ. ಆಮೇಲೆ ಇದ್ದಕ್ಕಿದ್ದಂತೆ ಅವಳಿಗೆ ಹೊಡೆಯತೊಡಗಿದ. ಎರಡೂ ಕೈಯಲ್ಲಿ, ಮುಖಕ್ಕೆ, ಎದೆಗೆ. ಹೊಡೆದು ಹೊಡೆದು, ಕೊನೆಗೆ ಅವಳ ಮಡಿಲಲ್ಲಿ ಬಿದ್ದು ಅಳುವುದಕ್ಕೆ ಶುರು ಮಾಡಿದ. ಒಂದು ಗಂಟೆ ಅತ್ತಿರಬಹುದು. ನಾನು ಹೆದರಿ ಅಜ್ಜಿಯನ್ನು ಕರೆದೆ. ಅಜ್ಜಿ ಗದ್ದೆಯಿಂದ ಬಂದವಳು ಕಾಲು ಕೂಡ ತೊಳೆಯದೆ ಅಂಗಳದಲ್ಲೇ ನಿಂತು ಹೇಳಿದಳು, ‘ಅಳಲಿ. ಅಷ್ಟು ದಿನದ್ದು ಉಂಟಲ್ಲ.’

ಈ ಕಥೆ ಸ್ವಲ್ಪ ಉದ್ದವಾಯಿತು. ಆದರೆ ನನಗೆ ಗೊತ್ತಿರುವ ಮನೋವಿಜ್ಞಾನ ಎಲ್ಲ ಇದರೊಳಗೇ ಉಂಟು.

ಹದಿಮೂರು ವರ್ಷದ ನಂತರ, ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಜೇಮ್ಸ್ ರಾಬರ್ಟ್‌ಸನ್ ಹೆಸರು ಕೇಳಿದೆ. ಲಂಡನ್ನಿನಲ್ಲಿ ಮನೋವೈದ್ಯ ಜಾನ್ ಬೌಲ್ಬಿ ಜೊತೆ ಕೆಲಸ ಮಾಡಿದ ಸಮಾಜ ಕಾರ್ಯಕರ್ತ. ಅಲ್ಲಿನ ಆಸ್ಪತ್ರೆಗಳಲ್ಲಿ ಆಗ ಮಕ್ಕಳನ್ನು ನೋಡಲು ತಂದೆತಾಯಿಗೆ ವಾರಕ್ಕೆ ಕೆಲವೇ ಗಂಟೆ ಅವಕಾಶ, ಕೆಲವು ಕಡೆ ಅದೂ ಇಲ್ಲ. ಒಂಟಿಯಾದ ಮಕ್ಕಳನ್ನು ರಾಬರ್ಟ್‌ಸನ್ ಕೂತು ಕೂತು ನೋಡಿದರು. ಮಗು ಮೊದಲು ಪ್ರತಿಭಟಿಸುತ್ತದೆ, ಅಳುತ್ತದೆ, ಕಿರುಚುತ್ತದೆ. ಆಮೇಲೆ ಹತಾಶವಾಗುತ್ತದೆ. ಕೊನೆಗೆ ನಂಟು ಕಳಚಿಕೊಳ್ಳುತ್ತದೆ, ಯಾರು ಬಂದರೂ ನಗುತ್ತದೆ, ತಾಯಿ ಬಂದರೆ ಮುಖ ತಿರುಗಿಸುತ್ತದೆ. ಆ ಕೊನೆಯದನ್ನೇ ವಾರ್ಡಿನವರು ‘ಹೊಂದಿಕೊಂಡಿತು’ ಎಂದುಕೊಳ್ಳುತ್ತಿದ್ದರು. ಅದನ್ನು ಓದಿದ ದಿನ ನಾನು ಲೈಬ್ರರಿಯಿಂದ ಎದ್ದು ಹೊರಗೆ ಹೋದೆ. ಕಿಟಕಿಯ ಆಚೆ ನಿಂತ ನನ್ನ ತಮ್ಮನನ್ನೇ ಯಾರೋ ಬರೆದ ಹಾಗಿತ್ತು. ‘ಈಗ ಜಾಣ ಆಗಿದ್ದಾನೆ.’

ರಾಬರ್ಟ್‌ಸನ್ ಎರಡು ವರ್ಷ ಐದು ತಿಂಗಳ ಒಂದು ಹುಡುಗಿ ಎಂಟು ದಿನ ಆಸ್ಪತ್ರೆಯಲ್ಲಿದ್ದುದನ್ನು ಕ್ಯಾಮೆರಾದಲ್ಲಿ ಹಿಡಿದರು. 1952ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ತೋರಿಸಿದಾಗ ಸಿಟ್ಟಾದವರೇ ಹೆಚ್ಚು. ಆದರೂ 1959ರಲ್ಲಿ ಅಲ್ಲಿನ ಸರಕಾರದ ಸಮಿತಿ, ಪ್ಲಾಟ್ ಸಮಿತಿ, ತಾಯಿಯನ್ನು ಮಗುವಿನ ಹತ್ತಿರ ಬಿಡಿ ಎಂದು ಶಿಫಾರಸು ಮಾಡಿತು. ನಮ್ಮ ಸಾಮಾನ್ಯ ವಾರ್ಡುಗಳಲ್ಲಿ ತಾಯಿ ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಾಳೆ. ಅದನ್ನು ನಾವು ಬಡತನ ಎಂದುಕೊಂಡಿದ್ದೇವೆ. ಮಗುವಿನ ಕಣ್ಣಿಗೆ ಅದಕ್ಕಿಂತ ದೊಡ್ಡ ಚಿಕಿತ್ಸೆ ಇಲ್ಲ.

ಬೌಲ್ಬಿಯ ವಿಷಯ ಒಂದು ಮಾತು. ಶ್ರೀಮಂತ ವೈದ್ಯರ ಮನೆ. ತಾಯಿಯನ್ನು ನೋಡುವುದು ದಿನಕ್ಕೆ ಸುಮಾರು ಒಂದು ಗಂಟೆ, ಸಾಕಿದ್ದು ಒಬ್ಬಳು ದಾದಿ. ಅವನಿಗೆ ನಾಲ್ಕು ವರ್ಷ ಆದಾಗ ಅವಳು ಕೆಲಸ ಬಿಟ್ಟು ಹೋದಳು. ತಾಯಿ ಸತ್ತಷ್ಟೇ ದುಃಖ ಅದು ಎಂಬ ಅರ್ಥದಲ್ಲಿ ಮುಂದೆ ಬರೆದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಬರೆದ ವರದಿ 1951ರಲ್ಲಿ ಬಂತು. ಅನಾಥರಾದ ಅಥವಾ ಬೇರೆ ಕಾರಣಕ್ಕೆ ಮನೆಯವರಿಂದ ದೂರವಾದ ಮಕ್ಕಳ ಬಗ್ಗೆ. ಮಗುವಿಗೆ ಹಾಲಿನಷ್ಟೇ ಅಗತ್ಯ, ತನ್ನವರು ಎನ್ನುವ ಒಬ್ಬರು, ದಿನವೂ ಅದೇ ಒಬ್ಬರು ಎನ್ನುವುದು ಅದರ ತಿರುಳು.

ಇಲ್ಲಿಂದ ಒಂದು ಅಪಾಯ ಶುರುವಾಗುತ್ತದೆ, ಅದಕ್ಕೇ ನಾನು ಇಲ್ಲಿ ಬಂದು ನಿಂತದ್ದು. ಬಾಲ್ಯ ಮುಖ್ಯ ಎಂದ ತಕ್ಷಣ ಎಲ್ಲರ ಬೆರಳೂ ತಾಯಿಯ ಕಡೆ ತಿರುಗುತ್ತದೆ. ನನ್ನ ಊರಿನ ಹೆಂಗಸರು ಹೇಳಿದ್ದನ್ನೇ ಮನೋವಿಜ್ಞಾನವೂ ಒಂದು ಕಾಲದಲ್ಲಿ ಹೇಳಿತು, ಕೋಟು ಹಾಕಿಕೊಂಡು. 1948ರಲ್ಲಿ ಸ್ಕಿಜೋಫ್ರೇನಿಯಾ ತಾಯಿಯಿಂದ ಬರುತ್ತದೆ ಎಂದರು. ಆಟಿಸಮ್ ಇರುವ ಮಕ್ಕಳ ತಾಯಂದಿರನ್ನು ಮನಸ್ಸು ತಣ್ಣಗಾದವರು, ಫ್ರಿಜ್ಜಿನಂಥವರು ಎಂದರು. ಎರಡೂ ತಪ್ಪು. 1964ರಲ್ಲಿ ಬರ್ನಾರ್ಡ್ ರಿಮ್ಲಾಂಡ್, ತಾನೇ ಅಂಥ ಮಗುವಿನ ತಂದೆ, ಆಟಿಸಮ್ ತಾಯಿಯ ತಪ್ಪಲ್ಲ ಎಂದು ಪುಸ್ತಕ ಬರೆಯಬೇಕಾಯಿತು. ಅಷ್ಟರಲ್ಲಿ ಎಷ್ಟು ತಾಯಂದಿರು ರಾತ್ರಿ ಬಚ್ಚಲಿನಲ್ಲಿ ನೀರು ಹುಯ್ದುಕೊಂಡರೋ.

ಆದ್ದರಿಂದ ದಯವಿಟ್ಟು ಪ್ರಶ್ನೆಯನ್ನು ತಿರುಗಿಸಿ. ತಾಯಿ ಏನು ಮಾಡಿದಳು ಎಂದು ಕೇಳಬೇಡಿ. ಅವಳ ಬೆನ್ನಿಗೆ ಯಾರಿದ್ದರು ಎಂದು ಕೇಳಿ. ನನ್ನ ಅಮ್ಮ ಆ ಜಗಲಿಯಲ್ಲಿ ದಿನಗಟ್ಟಲೆ ಸುಮ್ಮನೆ ಕೂರಲು ಆದದ್ದು ಯಾಕೆ? ಅವಳ ಪಾಲಿನ ನೇಜಿಯನ್ನು ಅಜ್ಜಿ ನೆಟ್ಟಳು, ಅದಕ್ಕೆ. ಮಗನಿಗೆ ಅಮ್ಮನ ಮಡಿಲು, ಅಮ್ಮನಿಗೆ ಅಜ್ಜಿಯ ಮಡಿಲು.

ಇದು ಬರೀ ನನ್ನ ಮನೆಯ ಮಾತಲ್ಲ. ಲಂಡನ್ನಿನ ಕ್ಯಾಂಬರ್‌ವೆಲ್ ಎಂಬ ಬಡಾವಣೆಯ ಹೆಂಗಸರನ್ನು ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ವರ್ಷಗಟ್ಟಲೆ ಮಾತಾಡಿಸಿ 1978ರಲ್ಲಿ ಪುಸ್ತಕ ಬರೆದರು. ಕಷ್ಟ ಎಲ್ಲರಿಗೂ ಬರುತ್ತದೆ, ಖಿನ್ನತೆಗೆ ಜಾರುವವರು ಯಾರು? ಅವರಿಗೆ ನಾಲ್ಕು ಕಾರಣ ಕಂಡಿತು. ಮನಸ್ಸು ಬಿಚ್ಚಿ ಮಾತಾಡಲು ಹತ್ತಿರದವರು ಒಬ್ಬರೂ ಇಲ್ಲದಿರುವುದು. ಹದಿನಾಲ್ಕರ ಒಳಗಿನ ಮೂರು ಅಥವಾ ಹೆಚ್ಚು ಮಕ್ಕಳು ಮನೆಯಲ್ಲಿರುವುದು. ಹೊರಗೆ ಕೆಲಸ ಇಲ್ಲದಿರುವುದು. ಹನ್ನೊಂದು ವರ್ಷದೊಳಗೆ ತಾಯಿಯನ್ನು ಕಳೆದುಕೊಂಡಿರುವುದು. ನಾಲ್ಕನೆಯದು ಬಾಲ್ಯ, ಉಳಿದ ಮೂರು ಸಮಾಜ.

ಈಗ ನಮ್ಮ ಜಿಲ್ಲೆಗೆ ಬನ್ನಿ. ನಮ್ಮ ಬೀಡಿ ಕಟ್ಟುವ ಹೆಂಗಸರನ್ನು ನೆನಪಿಸಿಕೊಳ್ಳಿ. ಮಧ್ಯಾಹ್ನ ಊಟ ಆದ ಮೇಲೆ ಒಂದು ಮನೆಯ ಜಗಲಿಯಲ್ಲಿ ನಾಲ್ಕೈದು ಜನ, ಮಡಿಲಲ್ಲಿ ತಡ್ಪೆ, ಅಂದರೆ ಮೊರ, ತಡ್ಪೆಯಲ್ಲಿ ಎಲೆ, ಹೊಗೆಸೊಪ್ಪು, ನೂಲು. ಬೆರಳು ನೋಡದೆಯೇ ಬೀಡಿ ಸುತ್ತುತ್ತದೆ, ಬಾಯಿ ಗಂಡ, ಅತ್ತೆ, ಸಾಲ, ಮಗಳ ಪರೀಕ್ಷೆ ಎಲ್ಲವನ್ನೂ ಸುತ್ತಿ ಬರುತ್ತದೆ. ಸಂಜೆ ಬ್ರಾಂಚಿಗೆ ಬೀಡಿ ಕೊಟ್ಟು ಬರುವಾಗ ಮತ್ತೊಂದಿಷ್ಟು ಮಾತು. ಆ ಕೆಲಸ ಒಳ್ಳೆಯದು ಎನ್ನುತ್ತಿಲ್ಲ. ಕೂಲಿ ಕಡಿಮೆ, ಬೆನ್ನುನೋವು, ಎದೆಗೆ ಹೊಗೆಸೊಪ್ಪಿನ ದೂಳು. ಆದರೆ ಬ್ರೌನ್ ಹೇಳಿದ ಆ ಮೊದಲ ಕಾರಣಕ್ಕೆ ಆ ಜಗಲಿ ಮದ್ದಾಗಿತ್ತು. ಜಗಲಿಯ ಮಕ್ಕಳಿಗೆ ಅಷ್ಟೂ ಜನ ಅಮ್ಮಂದಿರು. ಒಬ್ಬಳಿಗೆ ಸಿಟ್ಟು ಬಂದರೆ ಇನ್ನೊಬ್ಬಳು ಮಗುವನ್ನು ಎಳೆದುಕೊಳ್ಳುತ್ತಿದ್ದಳು. ಈಗ ನನ್ನ ಹತ್ತಿರ ಬರುವ ಎಳೆಯ ತಾಯಿ ಏಳನೆಯ ಮಹಡಿಯ ಫ್ಲಾಟಿನಲ್ಲಿ ಇರುತ್ತಾಳೆ. ಗಂಡ ದುಬೈಯಲ್ಲಿ, ಅಮ್ಮ ವಿಡಿಯೊ ಕಾಲಿನಲ್ಲಿ. ಬಾಗಿಲಿಗೆ ಎರಡು ಬೀಗ. ಇಡೀ ದಿನ ಮಗುವಿನ ಜೊತೆ ಬಿಟ್ಟರೆ ದೊಡ್ಡವರೊಂದಿಗೆ ಒಂದು ಮಾತಿಲ್ಲ. ‘ಮೇಡಂ, ನಾನು ಒಳ್ಳೆಯ ತಾಯಿ ಅಲ್ಲ’ ಎಂದು ಅಳುತ್ತಾಳೆ. ಅವಳಿಗೆ ಕಡಿಮೆಯಾಗಿರುವುದು ಒಳ್ಳೆಯತನ ಅಲ್ಲ ಮಾರಾಯ್ರೆ, ಒಂದು ಜಗಲಿ.

ಹಳೆಯದೆಲ್ಲ ಚೆನ್ನಾಗಿತ್ತು ಎಂದು ತಿಳಿಯಬೇಡಿ. ಅಳಿಯಕಟ್ಟಿನಲ್ಲಿ ಹೆಣ್ಣಿಗೆ ತವರು ತಪ್ಪುತ್ತಿರಲಿಲ್ಲ, ನಿಜ. ಯಜಮಾನನ ಮರ್ಜಿಯಲ್ಲಿ ನವೆದವರೂ ಇದ್ದರು. ಅದಕ್ಕಿಂತ ಕಠೋರವಾದ ಒಂದು ಮಾತು ಇಲ್ಲಿ ಹೇಳದಿದ್ದರೆ ನನ್ನ ಉಪನ್ಯಾಸ ಅಪ್ರಾಮಾಣಿಕ ಆಗುತ್ತದೆ. ಇದೇ ನಮ್ಮ ಎರಡು ಜಿಲ್ಲೆಗಳಲ್ಲಿ ಕೊರಗ ಸಮುದಾಯದವರಿಂದ ಅಜಲು ಸೇವೆ ಮಾಡಿಸುತ್ತಿದ್ದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು. ಇದನ್ನು ನಿಷೇಧಿಸಲು 2000ದಲ್ಲಿ ಕಾನೂನು ತರಬೇಕಾಯಿತು. ಎರಡು ಸಾವಿರನೆಯ ಇಸವಿ, ನಮ್ಮ ಮನೆಗಳಿಗೆ ಕಂಪ್ಯೂಟರ್ ಬಂದ ಕಾಲ. ಅಪ್ಪ ಆ ಅನ್ನ ತಿನ್ನುವುದನ್ನು ನಿಂತು ನೋಡಿದ ಮಗು ಒಂದಿತ್ತಲ್ಲ, ಅದರ ಮನೆಯಲ್ಲಿ ಪ್ರೀತಿಗೆ ಏನೂ ಕಡಿಮೆ ಇರಲಿಲ್ಲ. ತಾಯಿಯ ಮಡಿಲು ಬೆಚ್ಚಗೇ ಇತ್ತು. ಆದರೆ ಆ ಮನೆಯ ಹೊರಗಿನ ಜಗತ್ತು, ಅಂದರೆ ನಾವು, ನಿನ್ನ ಅಪ್ಪ ಮನುಷ್ಯನಲ್ಲ ಎಂದು ದಿನವೂ ಹೇಳಿದೆವು. ಆ ಮಗು ದೊಡ್ಡವನಾಗಿ ಕುಡಿದರೆ ‘ಅವರು ಹಾಗೆಯೇ’ ಎಂದು ನಾವೇ ಹೇಳಿದೆವು. ಆ ಗಾಯಕ್ಕೆ ಕೌನ್ಸೆಲಿಂಗ್ ಒಂದೇ ಸಾಕಾ? ಭೂಮಿ ಬೇಕು, ಕೆಲಸ ಬೇಕು, ನಮ್ಮ ಪಂಕ್ತಿಯಲ್ಲಿ ಎಲೆ ಬೇಕು.

ನನ್ನ ಅಪ್ಪನ ವಿಷಯ ಹೇಳಲು ಮರೆತೆ. ನಮ್ಮ ಕಡೆ ಹನ್ನೆರಡು ಹದಿಮೂರಕ್ಕೆ ಬೊಂಬಾಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಕಲಿತು ಮೇಲೆ ಬಂದವರ ಕಥೆ ಎಷ್ಟೋ ಮನೆಗಳಲ್ಲಿ ಉಂಟು. ಹೆಮ್ಮೆಯ ಕಥೆ ಅದು. ಅಪ್ಪ ಅವರಲ್ಲಿ ಒಬ್ಬರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು, ಟ್ರಂಕ್ ತುಂಬ ಬಟ್ಟೆ, ಬಿಸ್ಕತ್ತು. ಕೊಟ್ಟು, ಆಮೇಲೆ ಏನು ಮಾಡುವುದೆಂದು ತಿಳಿಯದೆ ನಮ್ಮ ಎದುರು ನಿಂತಿರುತ್ತಿದ್ದರು. ತಮ್ಮನ ಕಾಯಿಲೆಗೆ ಅವರು ಕಳಿಸಿದ್ದು ಐವತ್ತು ರೂಪಾಯಿ ಮನಿಯಾರ್ಡರು, ಅದರ ಚೀಟಿಯಲ್ಲಿ ಒಂದೇ ಶಬ್ದ, ‘ಜಾಗ್ರತೆ’. ಎಷ್ಟೋ ವರ್ಷ ನನಗೆ ಅವರ ಮೇಲೆ ಸಿಟ್ಟಿತ್ತು. ಆಮೇಲೆ ಹೊಳೆಯಿತು, ಹನ್ನೆರಡಕ್ಕೆ ಮಡಿಲು ತಪ್ಪಿದ ಹುಡುಗ ಅವರು. ಮಗುವನ್ನು ಕೂರಿಸಿಕೊಳ್ಳುವುದು ಹೇಗೆಂದು ಅವರಿಗೆ ಯಾರು ತೋರಿಸಿದ್ದರು? ಆ ಒಂದು ಶಬ್ದ ಬರೆಯಲು ಅವರು ಎಷ್ಟು ಹೊತ್ತು ಕೂತಿದ್ದರೋ. ಅವರ ಬೆನ್ನಿಗೆ ಯಾರಿದ್ದರು? ಒಬ್ಬರಿದ್ದರು. ಅದೇ ಹೋಟೆಲಿನ ಅಡುಗೆಯವರು, ಊರಿನ ಕಡೆಯವರು, ರಾತ್ರಿ ಅಪ್ಪನ ಕೈ ಹಿಡಿದು ಪತ್ರ ಬರೆಸುತ್ತಿದ್ದರಂತೆ. ಅಪ್ಪ ಸಾಯುವವರೆಗೂ ಅವರನ್ನು ಅಣ್ಣ ಎನ್ನುತ್ತಿದ್ದರು.

ಒಬ್ಬರು ಸಾಕು. ಇದಕ್ಕೆ ಆಧಾರ ಉಂಟು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ನಡುವಯಸ್ಸಿನವರೆಗೆ ಹಿಂಬಾಲಿಸಿದರು. ಬಡತನ, ಜಗಳ, ಕುಡಿತ, ತಂದೆತಾಯಿಯ ಮಾನಸಿಕ ಕಾಯಿಲೆ ಹೀಗೆ ಹಲವು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲಿಯೂ ಮೂರರಲ್ಲೊಂದು ಪಾಲು ಗಟ್ಟಿಯಾಗಿ ಬೆಳೆದರು. ಅವರಲ್ಲಿ ಕಂಡ ಒಂದು ಸಮಾನ ಅಂಶ, ತನ್ನನ್ನು ಬಿಡದೆ ಹಿಡಿದುಕೊಂಡ ಒಬ್ಬ ದೊಡ್ಡವರು. ಅಜ್ಜಿ, ಟೀಚರು, ಪಕ್ಕದ ಮನೆಯವರು, ಯಾರಾದರೂ ಆಗಬಹುದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದು ನಿಮಿಷ. ನನ್ನ ಹಾಳೆಯಲ್ಲಿ ಇನ್ನೂ ನಾಲ್ಕು ವಿಷಯ ಉಂಟು. ಓಡಿಸುತ್ತೇನೆ.

ಪಿಯುಸಿ. 2024ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ ಮೊದಲು. ಸಂತೋಷ. ರಾಜ್ಯದ ಎಲ್ಲ ಕಡೆಯಿಂದ ಮಕ್ಕಳು ನಮ್ಮ ಹಾಸ್ಟೆಲುಗಳಿಗೆ ಬರುತ್ತಾರೆ. ಹದಿನಾರು ವರ್ಷದ ಮಗು ಬೆಳಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ಓದುತ್ತದೆ. ಭಾನುವಾರ ಮನೆಗೆ ಫೋನು. ‘ಟೆಸ್ಟಿನಲ್ಲಿ ಎಷ್ಟು?’ ಎಂದು ಅಪ್ಪ ಕೇಳುತ್ತಾರೆ, ಮಗು ಅಂಕ ಹೇಳುತ್ತದೆ, ಫೋನು ಮುಗಿಯುತ್ತದೆ. ಯಾರಿಗೂ ತೊಂದರೆ ಕೊಡದ, ಅಳದ, ಸುಮ್ಮನೆ ಹೊಂದಿಕೊಂಡ ಮಗುವನ್ನು ವಾರ್ಡನ್ನರು ಮೆಚ್ಚುತ್ತಾರೆ. ನನಗೆ ಆ ಮಗುವೇ ಭಯ. ‘ಈಗ ಜಾಣ ಆಗಿದ್ದಾನೆ.’ ವಾರ್ಡನ್ನರು ಕೆಟ್ಟವರಲ್ಲ, ನೂರು ಮಕ್ಕಳಿಗೆ ಒಬ್ಬರು ಎಂದರೆ ಅವರ ಬೆನ್ನಿಗೂ ಯಾರೂ ಇಲ್ಲ.

ಬಾಣಂತಿಯ ಖಿನ್ನತೆ. ನಲವತ್ತು ದಿನ ಎಣ್ಣೆ ಹಚ್ಚಿ ಮೀಯಿಸುವ ನಾವು, ಅವಳು ಅತ್ತರೆ ‘ಮಗು ಚೆನ್ನಾಗಿದೆಯಲ್ಲ, ಅಳುವುದೇಕೆ’ ಎನ್ನುತ್ತೇವೆ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಉಂಟು. ತಾಯಿಯನ್ನೂ ಮಗುವನ್ನೂ ಬೇರೆ ಮಾಡದೆ ಒಟ್ಟಿಗೆ ಸೇರಿಸಿಕೊಳ್ಳುವ ವಿಭಾಗ ನಿಮ್ಹಾನ್ಸ್‌ನಲ್ಲಿ 2009ರಿಂದ ಉಂಟು.

ತಾಯಿ ಮತ್ತು ಎಳೆಗೂಸಿನ ಒಡನಾಟದ ಬಗ್ಗೆ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮಾಡಿದ ಪ್ರಯೋಗ ಪೂರ್ತಿ ಹೇಳಲು ಆಗುವುದಿಲ್ಲ. ಆದರೆ ಎಳೆಯ ತಾಯಂದಿರಿಗಾಗಿ ಇಷ್ಟು: ಒಳ್ಳೆಯ ತಾಯಿ ಮಗುವಿನ ನಡುವೆ ಕೂಡ ಅರ್ಧಕ್ಕಿಂತ ಹೆಚ್ಚು ಹೊತ್ತು ತಾಳ ತಪ್ಪಿಯೇ ಇರುತ್ತದೆ. ಮತ್ತೆ ಮತ್ತೆ ಕೂಡಿಕೊಳ್ಳುವುದೇ ಮಗುವನ್ನು ಬೆಳೆಸುತ್ತದೆ. ಯಕ್ಷಗಾನದಲ್ಲಿ ವೇಷಧಾರಿ ಒಂದು ಹೆಜ್ಜೆ ತಪ್ಪಿದರೆ ಮದ್ದಳೆಯವರು ಪೆಟ್ಟು ಹಿಡಿದು ಅವನನ್ನು ತಾಳಕ್ಕೆ ತರುವುದಿಲ್ಲವಾ, ಹಾಗೆ. ಮಗುವಿಗೆ ಗದರಿದಿರಾ, ಹೋಗಿ ಎತ್ತಿಕೊಳ್ಳಿ.

ನಾಲ್ಕನೆಯದನ್ನು ಬಿಡುತ್ತೇನೆ. ಒಂದು ನಂಬರ್ ಮಾತ್ರ ಬರೆದುಕೊಳ್ಳಿ: 14416. ಟೆಲಿ ಮಾನಸ್, ಸರಕಾರದ್ದು, ಹಣ ಬೇಡ, ಹಗಲು ರಾತ್ರಿ ಕನ್ನಡದಲ್ಲಿಯೇ ಮಾತಾಡಬಹುದು. ಬದುಕು ಬೇಡ ಎನ್ನಿಸಿದವರು ಪಕ್ಕದಲ್ಲಿದ್ದರೆ ನಂಬರ್ ಕೊಟ್ಟು ಹೋಗಬೇಡಿ, ಫೋನು ಮಾಡುವಾಗ ಹತ್ತಿರ ಕೂತಿರಿ. ಕಾನೂನಿಗೆ ಹೆದರಬೇಡಿ. 2017ರ ಮಾನಸಿಕ ಆರೋಗ್ಯ ಕಾಯಿದೆ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಿ ಅವರ ಆರೈಕೆಯನ್ನು ಸರಕಾರದ ಹೊಣೆ ಮಾಡಿದೆ.

ತಮ್ಮ ಹೇಗಿದ್ದಾನೆ ಎಂದು ಯಾರಾದರೂ ಕೇಳಿಯೇ ಕೇಳುತ್ತೀರಿ, ಆದ್ದರಿಂದ ನಾನೇ ಹೇಳುತ್ತೇನೆ. ಚೆನ್ನಾಗಿದ್ದಾನೆ, ಮೊಮ್ಮಗಳಿದ್ದಾಳೆ. ಕಳೆದ ವರ್ಷ ಅವಳಿಗೆ ಡೆಂಗ್ಯೂ ಆಗಿ ಆರು ದಿನ ಆಸ್ಪತ್ರೆಯಲ್ಲಿದ್ದಳು. ಸೊಸೆಯನ್ನು ಮಗುವಿನ ಮಂಚದ ಹತ್ತಿರ ಕೂರಿಸಿ, ಆರು ದಿನವೂ ಅವಳಿಗೆ ಮನೆಯ ಗಂಜಿ ಚಟ್ನಿ ಹೊತ್ತು ತಂದವನು ಅವನು. ಮಗುವಿಗಲ್ಲ, ಸೊಸೆಗೆ. ಆಸ್ಪತ್ರೆಯ ಆ ಹದಿನಾರು ದಿನ ಅವನಿಗೆ ಸ್ವಲ್ಪವೂ ನೆನಪಿಲ್ಲವಂತೆ.

ಆ ತಾಯಿ ಒಳಗೆ ಬಂದಿದ್ದಾರೆ, ನೋಡಿದೆ. ಮಗು ಈಗ ಮೂರನೇ ಸಾಲಿನಲ್ಲಿ ಯಾರದ್ದೋ ಹೆಗಲ ಮೇಲೆ ನಿದ್ರೆ ಮಾಡುತ್ತಿದೆ. ಪ್ರಶ್ನೆಗಳನ್ನು ಸ್ವಲ್ಪ ಮೆಲ್ಲಗೆ ಕೇಳಿ.